ಬಾಗಿಲು ಹಾಕದ ವೈಂಡಿಂಗ್ ಅಂಗಡಿ

ಬಿ.ದುರ್ಗದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿರುವ ಚಿತ್ರಲಿಂಗಪ್ಪ ನನ್ನ ಸಂಬಂಧಿಕನೇನಲ್ಲ. ಆದರೂ ಅವನ ಮಾತು ಬಂದರೆ ನನ್ನ ಎದೆ ಉಬ್ಬುತ್ತದೆ, ಏನು ಮಾಡಲಿ! ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಬದುಕುವವನು ಅವನು. ಅಂಥವನೇ ಮೋಟಾರು ಸುಡದಂತೆ ಮಾಡಲು ಹೊರಟರೆ ಊರವರು ತಲೆ ಕೆಟ್ಟಿದೆ ಎನ್ನದೆ ಇನ್ನೇನನ್ನುತ್ತಾರೆ? ನಾನೂ ಅಂದವಳೇ.

ನಮ್ಮ ತೋಟದ ಬದುವಿನ ಟ್ರಾನ್ಸ್‌ಫಾರ್ಮರಿಗೆ, ಅಂದರೆ ಟಿ.ಸಿ.ಗೆ, ಹನ್ನೊಂದು ಪಂಪ್‌ಸೆಟ್. ಎಲ್ಲರೂ ಸ್ಟಾರ್ಟರಿಗೆ, ಕರೆಂಟು ಬಂದೊಡನೆ ಮೋಟಾರು ತಾನೇ ಚಾಲೂ ಆಗುವಂತೆ, ಆಟೋ ಹಾಕಿಸಿದ್ದೆವು. ತ್ರೀಫೇಸ್ ಕರೆಂಟು ಬಂದ ಕ್ಷಣ ಹನ್ನೊಂದೂ ಒಟ್ಟಿಗೆ ಏಳುತ್ತಿದ್ದವು, ವೋಲ್ಟೇಜ್ ಪಾತಾಳಕ್ಕೆ. ನೀರೆತ್ತಬೇಕಾದ ಕರೆಂಟು ತಂತಿ ಕಾಯಿಸುವುದರಲ್ಲೇ ಹಾಳಾಗುತ್ತಿತ್ತು. ಸರದಿ ಪಟ್ಟಿ ಬರೆದು ನೋಡಿದೆವು. ಮೂರೇ ದಿನ! ಎಲ್ಲರೂ ಕದ್ದು ಆಟೋ ಹಾಕಿದರು, ನಾನೂ ಹಾಕಿದೆ. ಆ ಬೇಸಿಗೆ ಐದು ಮೋಟಾರು ಸುಟ್ಟವು.

ಐದನೆಯದನ್ನು ಬಿಚ್ಚುವಾಗ ಚಿತ್ರಲಿಂಗಪ್ಪ ರೇಗಿದ. "ಸಾಕಾಗೈತೆ ಕಣಕ್ಕ, ಸುಟ್ಟಿದ್ನೇ ಸುತ್ತಿ ಸುತ್ತಿ. ಬರೋ ಬ್ಯಾಸ್ಗೆ ನಿಮ್ ಟಿ.ಸಿ.ಲಿ ಒಂದು ಮೋಟ್ರು ಸುಟ್ರೂ ಅಂಗಡಿ ಬಾಗ್ಲು ಹಾಕ್ತೀನಿ!"

ಮುಂದಿನ ಬೇಸಿಗೆ ಬರುವಷ್ಟರಲ್ಲಿ ಪ್ರತಿ ಮೋಟಾರಿನ ಪಕ್ಕದಲ್ಲೂ ಒಂದು ಕೆಪಾಸಿಟರ್ ಕೂರಿಸಿದ. ಅದರಿಂದ ಲೈನಿನ ಭಾರ ಇಳಿಯುತ್ತದಂತೆ. ಸ್ಟಾರ್ಟರಿಗೆ ತಾನೇ ಜೋಡಿಸಿದ ಪುಟ್ಟ ಡಬ್ಬಿ ಹಾಕಿದ. ಅದು ಯಾರ ಅಪ್ಪಣೆಗೂ ಕಾಯುವುದಿಲ್ಲ. ತಾನಿರುವ ಜಾಗದಲ್ಲಿ ವೋಲ್ಟೇಜ್ ಸಾಕಷ್ಟಿದ್ದರೆ ಮೋಟಾರು ಬಿಡುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ.

ಅವನು ಎಡವಿದ್ದು ಒಂದೇ ಕಡೆ. ಹನ್ನೊಂದು ಡಬ್ಬಿಗೂ ವೋಲ್ಟೇಜಿನ ಒಂದೇ ಅಳತೆ ಇಟ್ಟ; ಟಿ.ಸಿ.ಯಿಂದ ದೂರ ಹೋದಷ್ಟೂ ವೋಲ್ಟೇಜ್ ಇಳಿಯುತ್ತದಲ್ಲ! ಟಿ.ಸಿ. ಪಕ್ಕದ ನನ್ನ ಪಂಪು ದಿನವೂ ಮೊದಲು ಓಡಿತು. ಲೈನಿನ ಕೊನೆಯಲ್ಲಿರುವ ಬರಗೇರಮ್ಮನ ತೋಟದಲ್ಲಿ ವೋಲ್ಟೇಜ್ ಏರಲೇ ಇಲ್ಲ. ಎಂಟು ದಿನ ನೀರಿಲ್ಲದೆ ಅವಳ ತೆಂಗಿನ ಸಸಿಗಳು ಬಾಡಿದವು. ಅಂಗಡಿ ಮುಂದೆ ನಿಂತು ಅವನ ಮಾನ ಹರಾಜು ಹಾಕಿದಳು. "ಲೇ ಚಿತ್ರಲಿಂಗ, ಮೋಟ್ರು ಸುಡ್ಲಿಲ್ಲ ಕಣೋ, ನನ್ ಸಸಿ ಸುಟ್ವು!"

ಅವನು ನೇರ ನನ್ನ ತೋಟಕ್ಕೆ ಬಂದ. "ತಪ್ಪು ನಂದೇ ಅಕ್ಕ. ಕಡೇಲಿರೋರ್ದು ಮೊದ್ಲು ಏಳ್ಬೇಕು, ನಿಮ್ದು ಕೊನೆಗೆ. ಅವ್ರ ಡಬ್ಬಿಗೆ ಕಮ್ಮಿ ವೋಲ್ಟೇಜೇ ಸಾಕು, ನಿಮ್ದಕ್ಕೆ ಜಾಸ್ತಿ ಬೇಕು, ಹಂಗೆ ಅಳತೆ ಬದಲಾಯಿಸ್ತೀನಿ, ಒಪ್ಕಳ್ರಿ."

ನನಗೆ ಮೈಯೆಲ್ಲ ಉರಿಯಿತು. ಟಿ.ಸಿ.ಗೆ ಜಾಗ ಬಿಟ್ಟುಕೊಟ್ಟವರು ನಮ್ಮ ಮಾವ. ನಾನು ಕೊನೆಯವಳೇ? "ಆಗಲ್ಲ ಹೋಗಪ್ಪ" ಎಂದೆ. ಅವನು ಬದುವಿನ ಮೇಲೆ ಕೂತೇಬಿಟ್ಟ. "ಮೊದಲ್ನೇರು ನೀವೇ ಒಪ್ದಿದ್ರೆ ಬೇರೇರ್ನ ಯಾವ ಬಾಯಲ್ಲಿ ಕೇಳ್ಲಿ?"

ಆ ಬಾಡಿದ ಸಸಿಗಳನ್ನು ನಾನೂ ನೋಡಿದ್ದೆ. ನಾಚಿಕೆಯಾಗಿ ಒಪ್ಪಿಕೊಂಡೆ. ಉಳಿದವರನ್ನೂ ಒಪ್ಪಿಸಿ ಅವನು ಸಂಜೆಯೊಳಗೆ ಎಲ್ಲ ಡಬ್ಬಿಗಳ ಅಳತೆ ಬದಲಾಯಿಸಿದ.

ಮರುದಿನ ಬೆಳಿಗ್ಗೆ ಕರೆಂಟು ಬಂತು. ನನ್ನ ಪಂಪು ಸುಮ್ಮನೆ ನಿಂತಿತ್ತು. ಡಬ್ಬಿ ಕಿತ್ತು ಹಸಿರು ಗುಂಡಿ ಒತ್ತಲು ಕೈ ತುರಿಸಿತು. ಅಷ್ಟರಲ್ಲಿ ಬರಗೇರಮ್ಮನ ಫೋನು: "ನೀರು ಬಂತು ಕಣೇ ಜಯಶೀಲಾ!" ಆ ದನಿ ಕೇಳಿದ ಮೇಲೆ ಕೈ ಕಟ್ಟಿಕೊಂಡು ಕೂತೆ. ಮಧ್ಯಾಹ್ನ ಅವಳು ಪಂಪು ನಿಲ್ಲಿಸಿದ್ದೇ ತಡ, ಯಾರೂ ಹೇಳದೆ ನನ್ನ ಮೋಟಾರು ಎದ್ದಿತು.

ಲೈನ್ ನೋಡಲು ಬಂದ ಇಂಜಿನಿಯರ್, ಇದನ್ನೆಲ್ಲ ನಡೆಸುವ ಮೇನ್ ಸ್ವಿಚ್ ಎಲ್ಲಿದೆ ಎಂದು ಕೇಳಿದರು. "ಎಲ್ಲೂ ಇಲ್ಲ ಸಾರ್" ಎಂದು ನಾನೇ ಜಂಬದಿಂದ ಹೇಳಿದೆ. "ಹನ್ನೊಂದು ತೋಟದಾಗೂ ಐತೆ."

ಬೇಸಿಗೆ ಮುಗಿದ ಮೇಲೆ ಅಂಗಡಿಗೆ ಹೋದೆ. ನಮ್ಮ ಟಿ.ಸಿ.ಯ ಒಂದು ಮೋಟಾರೂ ಅಲ್ಲಿರಲಿಲ್ಲ. ಡಬ್ಬಿ ಕೇಳಿಕೊಂಡು ಹೊಸದುರ್ಗದ ಕಡೆಯ ಇಬ್ಬರು ಬೆಂಚಿನ ಮೇಲೆ ಕೂತಿದ್ದರು.

"ಏನಪ್ಪ, ಸುತ್ತೋಕೆ ನಮ್ದೊಂದು ಮೋಟ್ರೂ ಇಲ್ವಲ್ಲೋ" ಎಂದು ಕಿಚಾಯಿಸಿದೆ.

"ಅದ್ಕೇ ಅಲ್ವೇನಕ್ಕ ಬಾಗ್ಲು ತೆಗ್ದಿರೋದು" ಎಂದ. "ಬರ್ರಿ, ಕುಂತ್ಕಳ್ರಿ."