ರೇಶನ್ ಕಾರ್ಡಿನಲ್ಲಿ ಉಳಿದ ಮನೆ

ಹವ್ಯಾಸವೇನು ಎಂದು ಯಾರಾದರೂ ಕೇಳಿದರೆ ಓದು, ತಿರುಗಾಟ ಎಂದೇನೋ ಹೇಳಿ ತಪ್ಪಿಸಿಕೊಳ್ಳುತ್ತೇನೆ. ನಿಜವಾದ ಹವ್ಯಾಸ ಚಿಂತೆ ಮಾಡುವುದು. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರು ಅಂಚೆಚೀಟಿ ಕೂಡಿಸುತ್ತಿದ್ದರು, ನಾನು ಕಾಗದಪತ್ರ ಕೂಡಿಸುತ್ತಿದ್ದೆ. ಅವರ ಹವ್ಯಾಸದಿಂದ ಯಾರೂ ಮನೆ ಬಿಡಬೇಕಾಗಿ ಬರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮೊದಲು ಠಾಣೆ ಊರಿನಲ್ಲಿ ಭಾವನ ಮನೆಯ ಪ್ಯಾಸೇಜಿನಲ್ಲಿ ಮಲಗಿ ದಿನ ಕಳೆದವನು, ಮಗಳು ಹುಟ್ಟಿದ ಮೇಲೆ ಡೊಂಬಿವಲಿಯಲ್ಲಿ ಒಂದೂವರೆ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಒಳಗೇ ನಲ್ಲಿ. ಎರಡು ಗಲ್ಲಿ ಆಚೆ ಶಾಲೆ, ಜೂನ್‌ಗೆ ಮಗಳಿಗೆ ಒಂದನೇ ಕ್ಲಾಸಿನಲ್ಲಿ ಸೀಟೂ ಸಿಕ್ಕಿತ್ತು. ಕೆಳಗಿನ ಮನೆಯಲ್ಲಿದ್ದ ಮಾಲೀಕರನ್ನು ನಾವು ಕಾಕಾ ಎನ್ನುತ್ತಿದ್ದೆವು. ಉಡುಪಿ ಕಡೆಯವನಾದ್ದರಿಂದ ಅವರಿಗೆ ನಾನು ಅಣ್ಣ. ಕರಾರು ಹನ್ನೊಂದು ತಿಂಗಳದ್ದು. ಅದಕ್ಕಿಂತ ಹೆಚ್ಚಾದರೆ ಬಾಡಿಗೆದಾರ ಬೇರು ಬಿಡುತ್ತಾನೆ ಎಂದು ಆಗಿನ ಮಾಲೀಕರಿಗೆಲ್ಲ ಭಯ. ಪ್ರತಿ ಸಲವೂ ಕಾಕಾ ನಗುನಗುತ್ತ ಹೊಸ ಕರಾರಿಗೆ ಸಹಿ ಹಾಕಿದ್ದರು.

ನನ್ನ ಭಯವೇ ಬೇರೆ. ನಮ್ಮ ಹೆಸರು ಇನ್ನೂ ಭಾವನ ರೇಶನ್ ಕಾರ್ಡಿನಲ್ಲಿತ್ತು. ನಾಳೆ ಶಾಲೆಯವರು ಕಾರ್ಡ್ ಕೇಳಿದರೆ? ಗ್ಯಾಸಿನವರು ಕೇಳಿದರೆ? ಎರಡು ದಿನ ರಜೆ ಹಾಕಿ, ಕ್ಯೂ ನಿಂತು, ಠಾಣೆಯಲ್ಲಿ ಹೆಸರು ತೆಗೆಸಿ, ಡೊಂಬಿವಲಿಯ ವಿಳಾಸಕ್ಕೆ ನಮ್ಮದೇ ಕಾರ್ಡಿಗೆ ಅರ್ಜಿ ಹಾಕಿದೆ. ಇನ್‌ಸ್ಪೆಕ್ಟರ್ ಬಂದು ಸ್ಟವ್, ಪಾತ್ರೆ, ಮಗಳು ಎಲ್ಲವನ್ನೂ ನೋಡಿ ಬರೆದುಕೊಂಡು ಹೋದ. ಕಾರ್ಡ್ ಕೈಗೆ ಬಂದ ಸಂಜೆ ಸ್ಟೇಷನ್ ಬಳಿ ಪೇಡೆ ಕಟ್ಟಿಸಿಕೊಂಡು ನೇರ ಕಾಕಾರ ಮನೆಗೆ ಹೋದೆ. ಇಂಥ ಸುದ್ದಿಯನ್ನು ಪೇಡೆ ಕೊಟ್ಟು ಮಾಲೀಕರಿಗೆ ತಿಳಿಸಿದ ಬಾಡಿಗೆದಾರ ಕಲ್ಯಾಣದಿಂದ ಠಾಣೆಯವರೆಗೆ ನಾನೊಬ್ಬನೇ ಇರಬೇಕು.

"ಕಾಕಾ, ಕಾರ್ಡ್ ಇಲ್ಲಿಗೇ ಬಂತು. ಇನ್ನು ನಾವೂ ಈ ಮನೆಯವರೇ ಆದ ಹಾಗೆ."

ಅರ್ಧ ಪೇಡೆ ಅವರ ಬಾಯಲ್ಲಿತ್ತು. ಅಗಿಯುವುದು ನಿಂತಿತು. ಉಳಿದರ್ಧವನ್ನು ಬಸಿಯಲ್ಲಿಟ್ಟು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು, "ಅಣ್ಣಾ, ಮೇ ಕೊನೆಗೆ ಕರಾರು ಮುಗಿಯುತ್ತದೆ. ಈ ಸಲ ಬೇರೆ ಜಾಗ ನೋಡಿಕೋ."

ಮೇಲೆ ಬಂದು ಹೇಳಿದಾಗ ಹೆಂಡತಿ ಅಕ್ಕಿ ಆರಿಸುತ್ತಿದ್ದಳು. "ಪೇಡೆ ಬೇರೆ ತಕೊಂಡು ಹೋದ್ರಾ? ಬ್ಯಾಂಡಿಗೂ ಹೇಳ್ಬಹುದಿತ್ತು" ಎಂದಳು.

ಮರುದಿನ ಮತ್ತೆ ಕಾಕಾರ ಎದುರು ನಿಂತೆ. ಮನೆಯ ಮೇಲೆ ನನಗೇನೂ ಹಕ್ಕಿಲ್ಲ ಎಂದು ಬರೆದುಕೊಡುತ್ತೇನೆ ಎಂದೆ.

"ನೀನು ಒಳ್ಳೆಯವನು, ನನಗೆ ಗೊತ್ತು" ಎಂದರು. "ಆದರೆ ಕೋರ್ಟಿನಲ್ಲಿ ಒಳ್ಳೆಯವನಾ ಅಂತ ಕೇಳುವುದಿಲ್ಲ. ಕಾರ್ಡ್ ಯಾವ ವಿಳಾಸದ್ದು ಅಂತ ಕೇಳುತ್ತಾರೆ. ಅದನ್ನು ತೆಗೆಸು, ಆಮೇಲೆ ಮಾತಾಡೋಣ."

ತೆಗೆಸಲು ರೇಶನ್ ಆಫೀಸಿಗೆ ಹೋದೆ. ಗುಮಾಸ್ತ ತಲೆ ಎತ್ತದೆ ಕೇಳಿದ, "ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಇಲ್ಲಿಂದ ತೆಗೆದರೆ ಸಾಕು."

"ಎಲ್ಲಿಗೂ ಇಲ್ಲ ಅನ್ನುವ ಏರಿಯಾ ನಮ್ಮ ಪಟ್ಟಿಯಲ್ಲಿಲ್ಲ. ಹೊಸ ವಿಳಾಸ ತಾ."

ಭಾವನ ವಿಳಾಸ ಕೊಡೋಣವೆಂದರೆ, ಅವರಿದ್ದ ಮನೆಯೂ ಬಾಡಿಗೆಯದ್ದೇ. ಒಂದು ಸಲ ಹೆಸರು ಹೋದದ್ದೇ ಒಳ್ಳೆಯದಾಯಿತು ಎಂದು ಅವರ ಮಾಲೀಕರು ಹೇಳಿಯೂ ಆಗಿತ್ತು.

ಪಕ್ಕದ ಮೇಜಿನವರಿಗೆ ಇದನ್ನೆಲ್ಲ ಹೇಳಿದರೆ ಅವರು ನಕ್ಕರು. "ಹುಚ್ಚಪ್ಪಾ, ಗೆದ್ದಿರುವುದು ನೀನು. ಕಾರ್ಡ್ ಕೈಯಲ್ಲಿದೆ. ಕದಲಬೇಡ, ಕೇಸ್ ಹಾಕಿದರೆ ನಿನ್ನ ಮೊಮ್ಮಕ್ಕಳ ಕಾಲಕ್ಕೆ ತೀರ್ಪು ಬರುತ್ತದೆ."

ಹೆಂಡತಿಯೂ ಅದನ್ನೇ ಕೇಳಿದಳು. "ಹೋಗದಿದ್ರೆ ಎಂತ ಮಾಡ್ತಾರೆ?"

ಏನೂ ಮಾಡುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು. ಆದರೆ ಲೋಕಲ್ ರೈಲಿನಲ್ಲಿ ನನ್ನ ಕಾಲು ತುಳಿದವರಿಗೆ ನಾನೇ ಸಾರಿ ಹೇಳುವವನು. ದಿನಾ ಬೆಳಿಗ್ಗೆ ಕಾಕಾರ ಬಾಗಿಲ ಮುಂದೆ ಹಾದು, ಸಂಜೆ ಹಾಗೇ ವಾಪಸು ಬರಬೇಕಲ್ಲ. ಮಗಳಿಗೆ ದಡಾರ ಬಂದಾಗ ಕಾಕಾರ ಹೆಂಡತಿ ಕಾಕು ಮೂರು ದಿನ ನಮ್ಮಲ್ಲೇ ಕೂತಿದ್ದರು. ಅವರ ಎದುರು ವಕೀಲನನ್ನು ಕರೆತಂದು ನಿಲ್ಲಿಸುವ ಧೈರ್ಯ ನನ್ನ ಯಾವ ಫೈಲಿನಲ್ಲೂ ಇರಲಿಲ್ಲ. "ಬೇಡ" ಎಂದೆ. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಠಾಕುರ್ಲಿಯಲ್ಲಿ ಒಂದು ಕೋಣೆ ಸಿಕ್ಕಿತು, ನೀರು ಅಂಗಳದಿಂದ ಹೊರಬೇಕು. ಅಲ್ಲಿಯ ಮಾಲೀಕನ ಮೊದಲ ಪ್ರಶ್ನೆ, "ಕಾರ್ಡ್ ಎಲ್ಲಿಯದು?"

"ಡೊಂಬಿವಲಿ."

"ಬೆಸ್ಟ್. ಅಲ್ಲೇ ಇರಲಿ. ಇಲ್ಲಿಗೆ ತಂದರೆ ಅದೇ ದಿನ ಸಾಮಾನು ಹೊರಗೆ."

ಹೀಗೆ ಮೇ ಕೊನೆಯ ಭಾನುವಾರ ನಾವು ಹೊರಟೆವು, ಕಾರ್ಡಿನ ವಿಳಾಸ ಅಲ್ಲೇ ಉಳಿಯಿತು. ಮಂಚದ ಒಂದು ಬದಿಯನ್ನು ಕಾಕಾನೇ ಹಿಡಿದು ಮೆಟ್ಟಿಲಿಳಿಸಿದರು. ಮಗಳು ದಿನಾ ಅಮ್ಮನ ಸೊಂಟಕ್ಕೆ ಅಂಟಿಕೊಂಡು ಒಂದು ಸ್ಟೇಷನ್ ದೂರ ಲೋಕಲ್‌ನಲ್ಲಿ ಶಾಲೆಗೆ ಹೋಗತೊಡಗಿದಳು. ನಾನು ಹದಿನೈದು ದಿನಕ್ಕೊಮ್ಮೆ ಸಕ್ಕರೆ, ಸೀಮೆಎಣ್ಣೆಗಾಗಿ ಡೊಂಬಿವಲಿಯ ಹಳೆಯ ಅಂಗಡಿಗೆ ಹೋಗಿ ನಿಲ್ಲುತ್ತಿದ್ದೆ.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಹೆಂಡತಿಯೂ ಜೊತೆಗೆ ಬಂದಳು. ಅಂಗಡಿಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಆ ಮನೆ. ಮೇಲೆ ನಮ್ಮ ಬಾಗಿಲಿಗೆ ಬೀಗ. ಗೇಟಿನ ಬಳಿ ನಿಂತಿದ್ದ ಕಾಕಾ ನಮ್ಮ ಮಗಳ ಕ್ಷೇಮ ವಿಚಾರಿಸಿದರು. ಯಾರನ್ನೂ ಇಟ್ಟಿಲ್ಲವೇ ಎಂದು ನಾನು ಕೇಳಿದೆ.

"ನಿನ್ನ ಕಾರ್ಡ್ ಈ ವಿಳಾಸದಲ್ಲಿರುವಾಗ ಇನ್ನೊಬ್ಬನನ್ನು ಹೇಗೆ ಇಡಲಿ ಅಣ್ಣಾ? ಎರಡೆರಡು ತಲೆನೋವು."

ಸ್ಟೇಷನ್ನಿನ ಬ್ರಿಜ್ ಹತ್ತುವಾಗ ಹೆಂಡತಿ ಹೇಳಿದಳು, "ಖಾಲಿ ಇಡುವುದಾದ್ರೆ ನಾವೇ ಇರಬಹುದಿತ್ತು."

ಸೀಮೆಎಣ್ಣೆ ಡಬ್ಬಿಯ ಮುಚ್ಚಳ ಸಡಿಲವಾಗಿದೆಯೇನೋ ಎಂದು ನಾನು ಬಗ್ಗಿ ನೋಡಿದೆ. ಗಟ್ಟಿಯಾಗಿಯೇ ಇತ್ತು.