ಸಿದ್ದಲಿಂಗಪ್ಪನವರ ಒಂದು ‘ಆವ್ಜೋ’

ಸೂರತ್‌ನ ಕತಾರ್‌ಗಾಮ್‌ನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ವಜ್ರ ಉಜ್ಜುವ ಕಾರ್ಖಾನೆಗಳ ಬಾಗಿಲು ಇನ್ನೂ ತೆರೆದಿಲ್ಲ. ಗಲ್ಲಿಯ ಒಂದು ಮನೆಯಲ್ಲಿ ಸಾವಾಗಿದೆ. ತೀರಿಕೊಂಡವರು ದಾನ ಮಾಡಿದ ಚರ್ಮ ತೆಗೆಯಲು ಡಾಕ್ಟರ್ ದಿವ್ಯಾ ಅವರ ತಂಡ ಒಳಗೆ ಹೋಗಿದೆ. ಹೊರಗೆ ಚಾಲಕ ಸಿದ್ದಲಿಂಗಪ್ಪ ಐಸ್ ಪೆಟ್ಟಿಗೆಯ ಮುಚ್ಚಳ ಒರೆಸುತ್ತಿದ್ದಾರೆ. ಒರೆಸಿದ್ದನ್ನೇ ಒರೆಸುತ್ತಿದ್ದಾರೆ. ಎದುರು ಮನೆಯ ಹೊಸ್ತಿಲಲ್ಲಿ ಜಶುಬೆನ್ ನಿಂತಿದ್ದಾರಲ್ಲ, ಅತ್ತ ನೋಡುವ ಧೈರ್ಯ ಅವರಿಗಿಲ್ಲ.

ಮುಧೋಳದ ಈ ಮನುಷ್ಯ ಲಾರಿ ಓಡಿಸಿಕೊಂಡು ಗುಜರಾತಿಗೆ ಬಂದವರು, ಇಲ್ಲೇ ಉಳಿದರು. ಈಗ ಮೂರು ಊರಿನ ವಿಶ್ವವಿದ್ಯಾಲಯಗಳು ಕೂಡಿ ನಡೆಸುವ ಸಂಶೋಧನೆಗೆ ಗಾಡಿ ಓಡಿಸುತ್ತಾರೆ. ಸೂರತ್‌ನಲ್ಲಿ ಸಿಕ್ಕ ಚರ್ಮ ವಡೋದರದ ಲ್ಯಾಬಿಗೆ, ಅಲ್ಲಿಂದ ಅಹಮದಾಬಾದಿನ ಶೀತಲಗೃಹಕ್ಕೆ. ಸುಟ್ಟ ಗಾಯದವರಿಗೆ ಹಾಕುವ ಚರ್ಮವನ್ನು ಹೆಚ್ಚು ದಿನ ಜೀವಂತ ಇಡುವುದು ಹೇಗೆ ಎಂಬುದೇ ಅವರ ಹುಡುಕಾಟ. ಪೇಪರಿನಲ್ಲಿ ಪ್ರೊಫೆಸರುಗಳ ಫೋಟೋ ಬರುತ್ತದೆ, ಗಾಡಿಯದ್ದು ಬರುವುದಿಲ್ಲ. “ಬರದಿದ್ದದ್ದ ಛಲೋ ಆತ್ರಿ, ಅದು ತೊಳದಿರೂದಿಲ್ಲ” ಎಂದು ನಗುತ್ತಾರೆ. “ಪೆಟ್ಟಿಗಿ ಬೆಚ್ಚಗಾಗಬಾರ್ದು, ಮಂಜಗಡ್ಡಿನೂ ಆಗಬಾರ್ದು. ಎಳಿ ಕೂಸು ಕರ್ಕೊಂಡು ಹೋದಂಗ ಹೋಗಬೇಕು.”

ಹೋದ ವರ್ಷ ಜಶುಬೆನ್ ಅವರ ಗಂಡ, ವಜ್ರ ಉಜ್ಜುತ್ತಿದ್ದವರು, ತೀರಿಕೊಂಡಾಗಲೂ ಪೆಟ್ಟಿಗೆ ಹೊತ್ತವರು ಇವರೇ. ಸಾವಿನ ಮನೆಯಿಂದ ಹೇಳದೆ ಹೊರಡಬೇಕು. ಮುಧೋಳದಲ್ಲೂ ಹಾಗೇ, ಸೂರತ್‌ನಲ್ಲೂ ಹಾಗೇ. ಆದರೆ ‘ಹೋಗಿ ಬರ್ತೀನಿ’ ಎನ್ನದೆ ಯಾರ ಮನೆಯ ಮೆಟ್ಟಿಲನ್ನೂ ಇಳಿದವರಲ್ಲ ಇವರು. ಬಾಯಿ ತಪ್ಪಿ ಗುಜರಾತಿಯಲ್ಲಿ ‘ಆವ್ಜೋ’ ಅಂದುಬಿಟ್ಟರು. ಹೊರಡುವಾಗ ‘ಮತ್ತೆ ಬನ್ನಿ’ ಎನ್ನುವ ಮಾತು ಅದು, ಸಾವನ್ನೇ ಮತ್ತೆ ಕರೆದ ಹಾಗಾಯಿತು. ಮನೆಮಂದಿಗೆ ಗರ ಬಡಿದಂತಾಯಿತು. ತೀರಿಕೊಂಡವರ ತಮ್ಮ ಪೆಟ್ಟಿಗೆಗೇ ಕೈ ಹಾಕಿ, ಇಂಥವನ ಜೊತೆ ಕಳಿಸುವುದಿಲ್ಲ ಎಂದ. ಜಶುಬೆನ್ ಅವನ ಕೈ ಸರಿಸಿ, “ಬರುವ ಮಾತಾಡಿದ್ದೀರಿ. ಬಂದು ಹೇಳಿ, ಇವರು ಯಾರ ಮೈ ಸೇರಿದರು ಅಂತ” ಎಂದರು.

ಹೇಳುವುದೇನು? ಪ್ರಯೋಗಕ್ಕೂ ಆಗಬಹುದೆಂದು ಮನೆಯವರು ಒಪ್ಪಿದ್ದರು, ಆ ಚರ್ಮ ಪ್ರಯೋಗಕ್ಕೇ ಹೋಯಿತು. ಬದುಕಲಿಲ್ಲ. ಅದು ಗೊತ್ತಾದ ದಿನದಿಂದ ಸಿದ್ದಲಿಂಗಪ್ಪ ಈ ಗಲ್ಲಿ ತಪ್ಪಿಸಿ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. “ಯಾರೋ ಸುಟ್ಟ ಕೂಸಿಗಿ ಹಾಕ್ಯಾರ ಅಂದಿದ್ರ ಮುಗೀತಿತ್ತು. ಸುಳ್ಳಿಗೆ ಬಾಯೇ ಏಳಲಿಲ್ಲ ನೋಡ್ರಿ.”

ಇವತ್ತು ತಪ್ಪಿಸಿಕೊಳ್ಳುವ ದಾರಿಯಿಲ್ಲ. ಪೆಟ್ಟಿಗೆಯನ್ನು ಒಳಗೆ ಕೊಟ್ಟು ಗಲ್ಲಿ ದಾಟುತ್ತಾರೆ. ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ಮುರುಕು ಗುಜರಾತಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಜಶುಬೆನ್ ಸೆರಗಿನಿಂದ ಕಣ್ಣೊರೆಸಿಕೊಂಡು, “ನೀವಾದರೂ ಬಂದಿರಲ್ಲ, ಭಾಯಿ” ಎನ್ನುತ್ತಾರೆ.

ತುಂಬಿದ ಪೆಟ್ಟಿಗೆ ಹೊರಗೆ ಬರುತ್ತದೆ. ಮುಂದಿನ ಸೀಟಿನಲ್ಲಿಟ್ಟು ಬೆಲ್ಟ್ ಬಿಗಿಯುತ್ತಾರೆ. “ಇದಾದ್ರೂ ಬದುಕ್ಲಿ. ಬೇರೆ ಏನೂ ಬ್ಯಾಡ ನನಗ.” ಸಾವಿನ ಮನೆಯತ್ತ ತುಟಿ ಬಿಚ್ಚುವುದಿಲ್ಲ. ಗಾಡಿ ಹೊರಳುವಾಗ ಎದುರು ಹೊಸ್ತಿಲಿನಿಂದ ಜಶುಬೆನ್ ತಾವೇ ಕೈಯೆತ್ತಿ “ಆವ್ಜೋ” ಎನ್ನುತ್ತಾರೆ.

ಈ ಸಲ ಸಿದ್ದಲಿಂಗಪ್ಪ ಬಾಯಿ ತಪ್ಪಿ ಅಲ್ಲ, ಬೇಕೆಂದೇ, ಕನ್ನಡದಲ್ಲೇ ಹೇಳುತ್ತಾರೆ: “ಬರ್ತೀನ್ರೀ ಅಕ್ಕಾರ.”