ಮಗ್ಗ ನಿಲ್ಲಿಸಿ ಕೇಳಿದ ಪಿಟೀಲು

ಬರುವ ತಿಂಗಳು ಜಮಖಂಡಿಯಲ್ಲಿ ನಡೆಯುವ ದೊಡ್ಡ ವಾದ್ಯವೃಂದದಲ್ಲಿ ಪಿಟೀಲು ನುಡಿಸಲು ನನ್ನ ಮೊಮ್ಮಗಳು ಗಿರಿಜಾ ಆಯ್ಕೆಯಾಗಿದ್ದಾಳೆ. ಓಣಿಗೆಲ್ಲ ಹೇಳಿ ಬಂದೆ. ಅವಳು ಮಾತ್ರ ಸಪ್ಪಗಿದ್ದಳು.

“ಭಾಳ ಜೋರ ಬಾರಸ್ತಿ, ಮೆತ್ತಗ ಬಾರ್ಸೂದ ಕಲಿ ಅಂದಾರ ವಾದ್ಯವೃಂದದವ್ರು, ಆಯಿ.”

ಬನಹಟ್ಟಿಯ ನಮ್ಮ ಮನೆಯ ಮಗ್ಗಗಳ ಸದ್ದಿನಲ್ಲೇ ಕಲಿತ ಕೈ ಅದು. ಹಗಲಲ್ಲೇ ಮಗ್ಗ ನಿಲ್ಲಿಸಲು ಮಗನಿಗೆ ಹೇಳಿದೆ.

“ಸೀರಿ ಅರ್ಧಾ ಆಗೇತಿ ಬೇ,” ಎಂದ.

“ಇರಲಿ ಬಿಡೋ.” ಅವನು ಮಗ್ಗ ನಿಲ್ಲಿಸಿದ. “ನೀ ನುಡಸವ್ವಾ, ಗಿರಿಜಾ.”

ಆ ಪಿಟೀಲು ತಂದುಕೊಟ್ಟವರು ನನ್ನ ಯಜಮಾನರು. ಒಮ್ಮೆ ಮಗ್ಗ ನಿಲ್ಲಿಸಿ ಕೂತು ಕೇಳಬೇಕು ಎನ್ನುತ್ತಲೇ ತೀರಿಹೋದರು. ಗಿರಿಜಾ ಮೆಲ್ಲಗೆ ನುಡಿಸುತ್ತಿದ್ದಂತೆ ನನ್ನ ಕಣ್ಣು ಅವರು ನೇಯುತ್ತಿದ್ದ ಮಗ್ಗದ ಕಡೆಗೇ ಹೋಯಿತು.

ಸಂಜೆಯೂ ಮಗ್ಗ ನಡೆಸಲಿಲ್ಲ. ಮನೆಮಂದಿಯೆಲ್ಲ ಕೂಡಿ ಉಣ್ಣುವಾಗ ಕಡಕ್ ರೊಟ್ಟಿ ಮುರಿಯುವ ಸದ್ದೂ ಕೇಳುತ್ತಿತ್ತು.